ದ್ರೌಪದಿ ಪಾರ್ಟು, ಜಿಗ್ಗಿಯ ಬಣ್ಣ

ಹೋದ ಬೇಸಿಗೆಯಲ್ಲಿ ಸಾತನೂರಿಗೆ ಹೋಗಿದ್ದಾಗ ನನ್ನ ಸೋದರಮಾವನಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ಕೆಂಪು ಕೂದಲು, ಮುಚ್ಚಿದ ರೆಪ್ಪೆ, ಹಣೆಯಿಂದ ಕೆನ್ನೆಗೆ ಇಳಿದ ಕೆಂಪು-ನೀಲಿ ಮಿಂಚು. ಡೇವಿಡ್ ಬೋವಿಯ 1973ರ ಆಲ್ಬಮ್ 'ಅಲಾಡಿನ್ ಸೇನ್'ನ ಮುಖಪುಟ ಅದು. ಮಾವ ಫೋನನ್ನು ದೂರ ಹಿಡಿದ, ಹತ್ತಿರ ಹಿಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಬಣ್ಣ ಚೆನ್ನಾಗ್ ಕೂತದೆ ಕಣಪ್ಪ. ಯಾರೋ ಕೈ ಪಳಗಿರೋನೇ ಬರ್ದವ್ನೆ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ಆದ್ರೆ ಇವ್ನು ಹುಬ್ಬು ಬೋಳ್ಸವ್ನಲ್ಲೊ! ಬೆಳಿಗ್ಗೆ ಎದ್ದು ಹೊಲಕ್ಕೆ ಹೆಂಗ್ ಹೋಯ್ತಾನೆ?"

ಸಂಗೀತದ ಹುಚ್ಚಿರುವ ಕೆಲವು ವಿದ್ಯಾರ್ಥಿಗಳು ಗ್ಲಾಮ್ ರಾಕ್‌ನಲ್ಲಿ ಕೇಳಲೇಬೇಕಾದ ಆಲ್ಬಮ್‌ಗಳು ಯಾವುವು ಎಂದು ನನ್ನನ್ನು ಕೇಳಿದ್ದರು. ಪಟ್ಟಿಯೊಂದನ್ನು ಬರೆದುಕೊಂಡೂ ಇದ್ದೆ. ಮಾವನ ಪ್ರಶ್ನೆ ಕೇಳಿದ ಮೇಲೆ ಆ ಪಟ್ಟಿಯನ್ನು ಹರಿದು ಹಾಕಿ ಹೊಸದು ಬರೆಯಬೇಕಾಯಿತು.

ನಮ್ಮ ಕಡೆಯ ಪೌರಾಣಿಕ ನಾಟಕ ನೋಡದವರಿಗಾಗಿ ಎರಡು ಮಾತು. ಕನಕಪುರ, ಮಳವಳ್ಳಿ, ಮಂಡ್ಯದ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಊರೂರಲ್ಲಿ 'ಕುರುಕ್ಷೇತ್ರ'. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಹಾಡು ಕಲಿಸುತ್ತಾರೆ. ಪಾರ್ಟು ಮಾಡುವವರಿಗೆ ಇಲ್ಲಿ ಸಂಬಳವಿಲ್ಲ, ಅವರೇ ದುಡ್ಡು ಕೊಟ್ಟು ಪಾರ್ಟು ತೆಗೆದುಕೊಳ್ಳಬೇಕು. ದುರ್ಯೋಧನನಿಗೆ ಹೆಚ್ಚು, ಚಿಕ್ಕ ಪಾರ್ಟುಗಳಿಗೆ ಕಡಿಮೆ. ಕೃಷ್ಣನಾಗಲು ಮೂವರು ಹಟ ಹಿಡಿದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ದೃಶ್ಯಗಳನ್ನು ಹಂಚಿಬಿಡುತ್ತಾರೆ. ಸಂಜೆ ಸೀನರಿ ಲಾರಿ ಬಂದು ಪರದೆ, ಬಣ್ಣದ ದೀಪ, ಕಿರೀಟ, ಭುಜಕೀರ್ತಿ, ಗದೆ ಎಲ್ಲ ಇಳಿಯುತ್ತದೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದ ಮನುಷ್ಯ ರಾತ್ರಿ ಹತ್ತಕ್ಕೆ ಕೌರವೇಶ್ವರನಾಗಿ ಎದೆ ಸೆಟೆಸಿ ನಿಲ್ಲುತ್ತಾನೆ. ಜನ ಒನ್ಸ್ ಮೋರ್ ಅನ್ನುತ್ತಾರೆ, ನೆಂಟರು ಹತ್ತಿ ಬಂದು ನೋಟಿನ ಹಾರ ಹಾಕುತ್ತಾರೆ. ಬೆಳಗಿನ ಜಾವ ಕೊಬ್ಬರಿ ಎಣ್ಣೆ, ಒಂದು ಹಳೆ ಬಟ್ಟೆ. ಬಣ್ಣ ಹೋಯಿತು, ಮನುಷ್ಯ ಮನೆಗೆ ಹೋದ.

ನನ್ನ ಮಾವ ದುರ್ಯೋಧನ ಮಾಡಿದವನಲ್ಲ. ಅವನದು ದ್ರೌಪದಿ. ಆಗಿನ್ನೂ ಹೆಣ್ಣು ಪಾರ್ಟಿಗೆ ಕಲಾವಿದೆಯರನ್ನು ಕರೆಸುವ ರೂಢಿ ನಮ್ಮ ಊರಿಗೆ ಬಂದಿರಲಿಲ್ಲ. ತೆಳ್ಳಗಿದ್ದ, ಕಂಠ ಮೇಲಿನ ಶ್ರುತಿಗೆ ಸಲೀಸಾಗಿ ಹೋಗುತ್ತಿತ್ತು. ನಮ್ಮವ್ವನ ಮದುವೆ ಸೀರೆಯನ್ನೇ ಉಟ್ಟು ಸಭೆಯಲ್ಲಿ ನಿಲ್ಲುತ್ತಿದ್ದ. ಮುಂದೆ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಅವನಿಗೆ ಮಾತ್ರ ಕೊಬ್ಬರಿ ಎಣ್ಣೆ ಪೂರ್ತಿ ಕೆಲಸ ಮಾಡಲಿಲ್ಲ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, "ಬಂದ್ಲು ನೋಡ್ರಪ್ಪೋ ಪಾಂಚಾಲಿ" ಎಂಬ ಕೂಗು. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಗೆಳೆಯ, "ಅವ್ರು ನಿಮ್ ಮಾವ ಅಲ್ವೇನ್ಲಾ?" ಎಂದು ನಗುತ್ತಾ ಕೇಳಿದ. ಅಲ್ಲ ಅಂದೆ. ಮಾವ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದ. ಕೇಳಿಸಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ಆಮೇಲೆ ಸಂಭಾವನೆ ಕೊಟ್ಟು ಕಲಾವಿದೆಯರನ್ನು ಕರೆಸುವುದು ಶುರುವಾಯಿತು. ಮಾವ ಎರಡು ವರ್ಷ ಶಕುನಿ ಮಾಡಿ ಬಿಟ್ಟುಬಿಟ್ಟ.

ಗ್ಲಾಮ್ ರಾಕ್ ಎಂದರೇನು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈ ಕಥೆಯೇ. ಸುಮಾರು 1971ರಿಂದ 1974ರವರೆಗೆ, ಹೆಚ್ಚಾಗಿ ಇಂಗ್ಲೆಂಡಿನಲ್ಲಿ, ಗಿಟಾರ್ ಹಿಡಿದ ಗಂಡಸರು ಮಿನುಗುವ ಬಟ್ಟೆ ತೊಟ್ಟು, ಕಣ್ಣಿಗೆ ಕಾಡಿಗೆ ಬಳಿದು, ಎತ್ತರದ ಹಿಮ್ಮಡಿಯ ಬೂಟು ಹಾಕಿ ಹಾಡಿದರು. ಅದಕ್ಕೆ ಮುಂಚಿನ ರಾಕ್ ಸಂಗೀತಗಾರ ಹರಿದ ಜೀನ್ಸ್ ಹಾಕಿಕೊಂಡು ತಾನು ನಟಿಸುತ್ತಿಲ್ಲ, ಎದೆಯಿಂದಲೇ ಹಾಡುತ್ತಿದ್ದೇನೆ ಎಂದು ನಂಬಿಸುತ್ತಿದ್ದ. ಇವರು ಬಂದು, ಹೌದು ಸ್ವಾಮಿ, ಇದು ವೇಷ, ಏನೀಗ? ಅಂದರು. ಅಷ್ಟಕ್ಕೇ ಗದ್ದಲವಾಯಿತು. ಯಕ್ಷಗಾನ, ಬಯಲಾಟ, ಕಂಪನಿ ನಾಟಕ ನೋಡಿದ ನಮಗೆ ವೇಷ ಹೊಸದೇನಲ್ಲ. ಆದ್ದರಿಂದ ಮಿನುಗನ್ನು ನೋಡಿ ಬೆರಗಾಗುವ ಅಗತ್ಯವೂ ನಮಗಿಲ್ಲ. ನಾವು ಕೇಳಬೇಕಾದ್ದು ಬೇರೆ. ವೇಷ ಹಾಡಿನೊಳಗೆ ಇಳಿದಿದೆಯೋ, ಮೈಮೇಲೆ ಮಾತ್ರ ಇದೆಯೋ? ಬೆಳಿಗ್ಗೆ ಕಳಚಿತೋ ಇಲ್ಲವೋ?

ಮೊದಲಿಗೆ ಮಾರ್ಕ್ ಬೋಲನ್. ಹಿಪ್ಪಿಗಳ ನಡುವೆ ನೆಲದ ಮೇಲೆ ಕೂತು ಬಾಂಗೊ ತಾಳಕ್ಕೆ ಕಿನ್ನರರ ಕಥೆ ಹಾಡುತ್ತಿದ್ದವನು. ತನ್ನ ತಂಡದ ಉದ್ದನೆಯ ಹೆಸರನ್ನು ಟಿ. ರೆಕ್ಸ್ ಎಂದು ಕತ್ತರಿಸಿ ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡ. 1971ರಲ್ಲಿ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮಕ್ಕೆ ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಬಂದ. ಗ್ಲಾಮ್ ಶುರುವಾದದ್ದು ಅಲ್ಲಿಂದ ಎನ್ನುವವರೇ ಹೆಚ್ಚು. ಅದೇ ವರ್ಷದ 'ಎಲೆಕ್ಟ್ರಿಕ್ ವಾರಿಯರ್' ಈಗಲೂ ಕಿವಿಗೆ ಹಿತ. ಹೆಸರಿನಲ್ಲಿ ಯೋಧನಿದ್ದರೂ ದನಿ ಪಿಸುಮಾತಿನದು. ಟೋನಿ ವಿಸ್ಕಾಂಟಿ ಸೇರಿಸಿದ ತಂತಿವಾದ್ಯಗಳು 'ಕಾಸ್ಮಿಕ್ ಡ್ಯಾನ್ಸರ್' ಹಾಡಿನಲ್ಲಿ ಮಂಜಿನ ಹಾಗೆ ಬಂದು ಕವಿಯುತ್ತವೆ. ಆದರೆ ಬೋಲನ್ ಯಾವ ಪಾರ್ಟನ್ನೂ ಮಾಡುತ್ತಿಲ್ಲ. ಅವನು ಯಾವಾಗಲೂ ಬೋಲನ್ನೇ, ಮಿಂಚಿನ ಪುಡಿ ಹಚ್ಚಿಕೊಂಡ ಬೋಲನ್.

ಬೋವಿ ಪಾರ್ಟು ಮಾಡಿದ. ಲಿಂಡ್ಸೆ ಕೆಂಪ್ ಎಂಬ ಮೂಕಾಭಿನಯ ಕಲಾವಿದನ ಬಳಿ ಕಲಿತವನು, ವೇದಿಕೆಯ ಮೇಲೆ ಮೈ ಹೇಗೆ ಮಾತಾಡುತ್ತದೆ ಎಂದು ಬಲ್ಲವನು. 1972ರ ಜೂನ್‌ನಲ್ಲಿ ಬಂದ 'ದ ರೈಸ್ ಅಂಡ್ ಫಾಲ್ ಆಫ್ ಜಿಗ್ಗಿ ಸ್ಟಾರ್‌ಡಸ್ಟ್ ಅಂಡ್ ದ ಸ್ಪೈಡರ್ಸ್ ಫ್ರಮ್ ಮಾರ್ಸ್' ಎಂಬ ಆಲ್ಬಮ್‌ನಲ್ಲಿ ಅವನು ಜಿಗ್ಗಿ ಎಂಬ ರಾಕ್ ತಾರೆ. ಲೋಕ ಮುಳುಗಲು ಐದೇ ವರ್ಷ ಉಳಿದಿದೆ, ಈ ತಾರೆ ಬಂದು ಜನರಿಗೆ ಭರವಸೆ ಕೊಡುತ್ತಾನೆ, ಕೊನೆಗೆ ಅದೇ ಜನ ಅವನನ್ನು ಮುಗಿಸುತ್ತಾರೆ. ಕಥೆಯಾಗಿ ನೋಡಿದರೆ ಇದು ಬಹಳ ಸಡಿಲ. ನಡುವೆ 'ಇಟ್ ಏಂಟ್ ಈಸಿ' ಎಂಬ ಬೇರೊಬ್ಬರು ಬರೆದ ಹಾಡಿದೆ, ಜಿಗ್ಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಮಹಾಕಾವ್ಯದಂತೆ ವಿವರಿಸುವ ಬರಹಗಳನ್ನು ಓದಿ ನನಗೆ ಸಾಕಾಗಿದೆ. ನಮ್ಮ 'ಕುರುಕ್ಷೇತ್ರ'ವನ್ನೂ ಯಾರೂ ಕಥೆಗಾಗಿ ನೋಡುವುದಿಲ್ಲ, ಕಥೆ ಎಲ್ಲರಿಗೂ ಗೊತ್ತು. ಪಾರ್ಟಿನವನು ಆ ಹಾಡಿಗೆ ಬಂದಾಗ ಏನಾಗುತ್ತಾನೆ ಎಂದು ನೋಡಲು ಹೋಗುತ್ತೇವೆ. ಜಿಗ್ಗಿಯಲ್ಲಿ ಅಂಥ ಗಳಿಗೆ ಎರಡಿವೆ. ಮೊದಲ ಹಾಡು 'ಫೈವ್ ಇಯರ್ಸ್' ಬರೀ ಡ್ರಮ್ಮಿನ ನಿಧಾನದ ಪೆಟ್ಟಿನಿಂದ ಶುರುವಾಗಿ ಕಿರುಚಾಟಕ್ಕೆ ಏರುತ್ತದೆ. ಕೊನೆಯ ಹಾಡಿನಲ್ಲಿ ಜಿಗ್ಗಿ ಸೋತು ಬಿದ್ದವರ ಕಡೆಗೆ ಕೈ ಚಾಚುತ್ತಾನೆ. ಇವೆರಡರ ನಡುವೆ ಎಲ್ಲೋ ವೇಷ ಚರ್ಮವಾಗಿಬಿಡುತ್ತದೆ.

ಗಿಟಾರ್ ನುಡಿಸಿದ ಮಿಕ್ ರಾನ್ಸನ್ ಹೆಸರನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಈ ಆಲ್ಬಮ್‌ನ ತಂತಿವಾದ್ಯಗಳ ಸಂಯೋಜನೆಯೂ ಅವನದೇ. ನಮ್ಮ ಹಾರ್ಮೋನಿಯಂ ಮೇಷ್ಟ್ರ ಹಾಗೆ, ಪಾರ್ಟಿನವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂದು ಮೊದಲೇ ಗೊತ್ತಿದ್ದು ಅಲ್ಲಿ ಸ್ವರ ತುಂಬುವವನು. 1972ರ ಜುಲೈ 6ರಂದು ಟಿವಿಯಲ್ಲಿ 'ಸ್ಟಾರ್‌ಮ್ಯಾನ್' ಹಾಡುವಾಗ ಬೋವಿ ಈ ರಾನ್ಸನ್ನನ ಹೆಗಲಿನ ಮೇಲೆ ಮೆಲ್ಲಗೆ ಕೈ ಹಾಕಿದ. ಅಷ್ಟೇ. ಅದನ್ನು ಮನೆಮಂದಿಯ ಜೊತೆ ಕೂತು ನೋಡಿದ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಸಂಗೀತಗಾರರಾಗಿ, ಆ ಕೈಯನ್ನು ಮರೆಯಲಾಗಲಿಲ್ಲ ಎಂದು ಹೇಳಿಕೊಂಡಿದ್ದಾರೆ. ನನಗೆ ನೆನಪಾಗುವುದು ಆ ಟಿವಿಯ ಮುಂದೆ ಮಾತಾಡದೆ ಕೂತಿರಬಹುದಾದ ಅಪ್ಪಂದಿರು.

1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಬೋವಿ ಇದೇ ನಮ್ಮ ಕೊನೆಯ ಪ್ರದರ್ಶನ ಎಂದು ಘೋಷಿಸಿ ಜಿಗ್ಗಿಯನ್ನು ಕೊಂದ. ಬಾಸ್ ಗಿಟಾರಿನವನಿಗೂ ಡ್ರಮ್ಮಿನವನಿಗೂ ಆ ವಿಷಯ ಗೊತ್ತಾದದ್ದು ಅಲ್ಲೇ, ವೇದಿಕೆಯ ಮೇಲೇ. ವೇಷ ಕಳಚುವ ಹೊತ್ತನ್ನು ತಾನೇ ಗೊತ್ತುಮಾಡುವ ಸ್ವಾತಂತ್ರ್ಯ ಬೋವಿಗಿತ್ತು. ಮಾವನಿಗಿರಲಿಲ್ಲ.

'ಅಲಾಡಿನ್ ಸೇನ್' ಅದಕ್ಕೆ ಮೂರು ತಿಂಗಳ ಮುಂಚಿನದು. ಹೆಸರನ್ನು ಒಡೆದು ಓದಿದರೆ ಇಂಗ್ಲಿಷಿನಲ್ಲಿ 'ಹುಚ್ಚು ಹುಡುಗ' ಎಂದಾಗುತ್ತದೆ. ಜಿಗ್ಗಿಗಿಂತ ಒರಟು, ಅಮೆರಿಕದ ಪ್ರವಾಸದ ಸುಸ್ತು ಅದರ ಮೈಯಲ್ಲೆಲ್ಲ ಇದೆ. ಶೀರ್ಷಿಕೆಯ ಹಾಡಿನ ನಡುವೆ ಮೈಕ್ ಗಾರ್ಸನ್ ನುಡಿಸುವ ಪಿಯಾನೊ ಹಾಡಿನ ಅಂಕೆಯನ್ನೇ ಮೀರಿ ಎಡವುತ್ತ, ಬೀಳುತ್ತ, ಏಳುತ್ತ ಹೋಗುತ್ತದೆ. ಹುಬ್ಬು ಬೋಳಿಸಿಕೊಂಡ ಮನುಷ್ಯನ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೊದಲು ಜಿಗ್ಗಿ ಕೇಳಿ, ಆದರೆ ಇಟ್ಟುಕೊಳ್ಳಲು ಒಂದೇ ಆಲ್ಬಮ್ ಆರಿಸಬೇಕಾದರೆ ನಾನು ಇದನ್ನು ಆರಿಸುತ್ತೇನೆ.

ರಾಕ್ಸಿ ಮ್ಯೂಸಿಕ್‌ನ ಬ್ರಯನ್ ಫೆರಿಯದು ಇನ್ನೊಂದು ಬಗೆ. ಅವನ ಅಪ್ಪ ಕಲ್ಲಿದ್ದಲ ಗಣಿಯಲ್ಲಿ ದುಡಿಯುವ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದವರು. ಮಗ ಕಲಾಶಾಲೆಯಲ್ಲಿ ಓದಿ, ಶ್ರೀಮಂತರ ಪಾರ್ಟಿಗೆ ಹೊರಟವನಂತೆ ಕೂದಲು ಬಾಚಿ, ಸೂಟು ತೊಟ್ಟು ಹಾಡಿದ. ಇದನ್ನು ಢೋಂಗಿ ಎಂದವರುಂಟು. ವರ್ಷವಿಡೀ ಉಳಿಸಿದ ದುಡ್ಡು ಕೊಟ್ಟು ಒಂದು ರಾತ್ರಿಗೆ ಹಸ್ತಿನಾಪುರದ ಕಿರೀಟ ಇಟ್ಟುಕೊಳ್ಳುವ ನಮ್ಮೂರ ರೈತನನ್ನು ಬಲ್ಲ ನಾನು ಹಾಗೆನ್ನಲಾರೆ. ಅವರ ಎರಡನೆಯ ಆಲ್ಬಮ್ 'ಫಾರ್ ಯುವರ್ ಪ್ಲೆಷರ್' (1973) ಕೇಳಿ. ಸಿರಿವಂತಿಕೆಯ ಕನಸಿನ ಮನೆಯೊಳಗೆ ಹೋದವನು ಅಲ್ಲಿ ಗಾಳಿ ತುಂಬಿದ ಗೊಂಬೆಯೊಂದರ ಜೊತೆ ಒಬ್ಬನೇ ಬದುಕುತ್ತಿದ್ದಾನೆ. ಪಕ್ಕದಲ್ಲಿ ಬ್ರಯನ್ ಈನೊ ಹಕ್ಕಿಪುಕ್ಕ ಸಿಕ್ಕಿಸಿಕೊಂಡು ಸಿಂಥಸೈಸರ್‌ನಿಂದ ವಿಚಿತ್ರ ಸದ್ದು ಎಬ್ಬಿಸುತ್ತಾನೆ. ಈ ಆಲ್ಬಮ್ ಆದ ಮೇಲೆ ಅವನು ತಂಡ ಬಿಟ್ಟ. ಆಮೇಲಿನ ರಾಕ್ಸಿಯಲ್ಲಿ ಸೂಟು ಉಳಿಯಿತು, ಭಯ ಹೋಯಿತು.

ಸ್ಲೇಡ್, ಸ್ವೀಟ್, ಸೂಜಿ ಕ್ವಾಟ್ರೊ ಇವರ ಬಿಡಿ ಹಾಡುಗಳನ್ನು ಸಂತೋಷವಾಗಿ ಕೇಳಬಹುದು, ಆಲ್ಬಮ್ ಪೂರ್ತಿ ಕೂರುವ ತಾಳ್ಮೆ ನನಗಿಲ್ಲ. 'ನ್ಯೂಯಾರ್ಕ್ ಡಾಲ್ಸ್' (1973) ಮುಖಪುಟದಲ್ಲಿ ಹೆಣ್ಣುಡುಗೆ ತೊಟ್ಟು ಕೂತ ಐವರು ಗಂಡಸರಿದ್ದಾರೆ. ಒಳಗಿರುವುದು ಒಳ್ಳೆಯ ಗಲಾಟೆ.

ಲೂ ರೀಡ್‌ನ 'ಟ್ರಾನ್ಸ್‌ಫಾರ್ಮರ್' (1972) ಬಳಿ ಮಾತ್ರ ನಿಲ್ಲಲೇಬೇಕು. ನ್ಯೂಯಾರ್ಕಿನವನು, ಲಂಡನ್ನಿಗೆ ಬಂದು ಬೋವಿ ಮತ್ತು ರಾನ್ಸನ್ ಕೈಯಲ್ಲಿ ಇದನ್ನು ಮಾಡಿಸಿಕೊಂಡ. 'ವಾಕ್ ಆನ್ ದ ವೈಲ್ಡ್ ಸೈಡ್' ಹಾಡಿನಲ್ಲಿ ಬರುವವರು ಪಾತ್ರಗಳಲ್ಲ. ಹಾಲಿ ವುಡ್‌ಲಾನ್, ಕ್ಯಾಂಡಿ ಡಾರ್ಲಿಂಗ್ ಆ್ಯಂಡಿ ವಾರ್ಹೋಲ್‌ನ ಬಳಗದಲ್ಲಿದ್ದ ನಿಜವಾದ ಟ್ರಾನ್ಸ್ ಹೆಣ್ಣುಮಕ್ಕಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಊರು ಬಿಟ್ಟು ಬಂದವರು. ರೀಡ್ ಅವರನ್ನು ಮರುಕದಿಂದಲೂ ನೋಡುವುದಿಲ್ಲ, ಗೇಲಿಯಿಂದಲೂ ನೋಡುವುದಿಲ್ಲ. ಜಗುಲಿಯ ಮೇಲೆ ಕೂತು ಊರಿನ ಸುದ್ದಿ ಹೇಳುವವನ ದನಿ. ಕೆಳಗೆ ಹರ್ಬಿ ಫ್ಲವರ್ಸ್ ನುಡಿಸಿದ ಎರಡು ಬಾಸ್‌ಗಳು, ಒಂದು ನಿಲ್ಲಿಸಿ ನುಡಿಸುವ ದೊಡ್ಡ ಬಾಸ್, ಅದರ ಮೇಲೆ ಎಲೆಕ್ಟ್ರಿಕ್ ಬಾಸ್, ಒಂದರ ಮೇಲೊಂದು ಜಾರುತ್ತ ಹೋಗುತ್ತವೆ. ನನ್ನ ಮಾವನನ್ನು ಆ ದಿನ ಇಷ್ಟು ಸಹಜವಾಗಿ ನೋಡುವ ಶಕ್ತಿ ನನಗಿದ್ದಿದ್ದರೆ ಎಂದು ಈ ಹಾಡು ಕೇಳುವಾಗಲೆಲ್ಲ ಅನ್ನಿಸುತ್ತದೆ.

ಗ್ಲಾಮ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಎಲ್ಲ ಬಾಗಿಲು ತೆರೆಯಿತು ಎನ್ನುತ್ತಾರೆ. ತೆರೆಯಲಿಲ್ಲ. ಅಮೆರಿಕದಲ್ಲಿ ಜೋಬ್ರಯತ್ ಎಂಬ ಗಾಯಕನಿದ್ದ. ತಾನು ಸಲಿಂಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡೇ ದೊಡ್ಡ ಕಂಪನಿಯಿಂದ 1973ರಲ್ಲಿ ಆಲ್ಬಮ್ ತಂದ. ಪ್ರಚಾರ ಬೆಟ್ಟದಷ್ಟಾಯಿತು, ಕೇಳಿದವರು ಕಡಿಮೆ, ನಕ್ಕವರು ಹೆಚ್ಚು. 1983ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಬೋವಿಯೂ 1972ರಲ್ಲಿ ಪತ್ರಿಕೆಯೊಂದಕ್ಕೆ ತಾನು ಸಲಿಂಗಿ ಎಂದಿದ್ದ, ಮುಂದೆ ಆ ಮಾತನ್ನು ತಿದ್ದಿಕೊಂಡ. ಕಳಚುವ ವೇಷಕ್ಕೆ ಚಪ್ಪಾಳೆ, ಕಳಚಲಾಗದ್ದಕ್ಕೆ ನಗೆ. ನಮ್ಮಲ್ಲಿ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಅವರ ಸೀರೆ ಪಾರ್ಟಿನ ಸೀರೆಯಲ್ಲ. ಸೀರೆ ಉಟ್ಟ ಗಂಡಸಿಗೆ ಒಂದು ರಾತ್ರಿ ನೋಟಿನ ಹಾರ ಹಾಕುವ ಊರು, ಸೀರೆಯಲ್ಲೇ ಬದುಕುವವರನ್ನು ಹೇಗೆ ಕಾಣುತ್ತದೆ ಎಂದು ಅವರ ಬದುಕು ಬಲ್ಲವರಿಗೆ ಗೊತ್ತು.

ಕನ್ನಡದಲ್ಲಿ ಇಂಥ ಆಲ್ಬಮ್ ಇದೆಯೇ? ನೇರವಾಗಿ ಇಲ್ಲ. ಹತ್ತಿರಕ್ಕೆ ಬಂದವರು ಮೈಸೂರಿನ ಒಂದೇ ಮನೆಯ ಅಣ್ಣ ತಮ್ಮ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದಗಳು ಗಿಟಾರಿನ ಜೊತೆ ಬಂದವು. ಪಂಚೆ, ಕಾಲಿಗೆ ಗೆಜ್ಜೆ, ಬಣ್ಣಬಣ್ಣದ ಅಂಗಿ ತೊಟ್ಟು ಅವರು ಇಂಗ್ಲೆಂಡಿನ ಟಿವಿಯಲ್ಲೂ ಹಾಡಿ ಬಂದರು. ದೊಡ್ಡ ಕಂಠ, ದೊಡ್ಡ ಮನಸ್ಸಿನ ಹಾಡುಗಳು. ಆದರೆ ಅಲ್ಲಿರುವುದು ಉಡುಪು, ವೇಷವಲ್ಲ. ಪಂಚೆ ತೊಟ್ಟ ರಘು ದೀಕ್ಷಿತ್ ನಾನು ರಘು ದೀಕ್ಷಿತ್ ಎಂದೇ ಹೇಳುತ್ತಾರೆ, ಬೋಲನ್ ಬೋಲನ್ನೇ ಆಗಿದ್ದ ಹಾಗೆ.

ತಮ್ಮ ವಾಸು ದೀಕ್ಷಿತ್ ಅವರ ಸ್ವರಾತ್ಮ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವೇದಿಕೆಗೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುತ್ತ ಬಂದರು. ಜಾತ್ರೆಯ ಮುಂದೆ ಕುಣಿಯುವ ಕುದುರೆ ಗಿಟಾರು, ಡ್ರಮ್ಮುಗಳ ನಡುವೆ ನುಗ್ಗಿತು. 2009ರ ಅವರ ಮೊದಲ ಆಲ್ಬಮ್‌ನಲ್ಲಿ 'ಪ್ಯಾಸಿ' ಎಂಬ ಹಾಡಿದೆ. ಎರಡು ರಾಜ್ಯಗಳ ಜಗಳದ ನಡುವೆ ಸಿಕ್ಕಿದ ಕಾವೇರಿಯೇ ಬಾಯಾರಿ ನಿಂತ ಹಾಡು ಅದು. ಗಂಡಸಿನ ಕೊರಳಲ್ಲಿ ನದಿಯ ಪಾರ್ಟು. ಹೇಳಬೇಕಾದ್ದನ್ನು ಬರಿಯ ಮುಖದಲ್ಲಿ ಹೇಳಿದ್ದರೆ ಅದು ಭಾಷಣವಾಗುತ್ತಿತ್ತು. ಯಾವ ರಾಜ್ಯದ ಪರ ಎಂದು ಕೇಳುವವರೂ ಹುಟ್ಟುತ್ತಿದ್ದರು. ವೇಷ ಹಾಕಿದ್ದರಿಂದ ಆ ದುಃಖ ಯಾರದ್ದೂ ಅಲ್ಲದೆ ನದಿಯದ್ದೇ ಆಯಿತು. ನನ್ನ ತಕರಾರು ಒಂದೇ, ನಮ್ಮ ಮುತ್ತತ್ತಿಯ ಪಕ್ಕದಲ್ಲಿ ಹರಿಯುವವಳು ಹಿಂದಿಯಲ್ಲಿ ಯಾಕೆ ಅತ್ತಳು? ಅದೇ ಆಲ್ಬಮ್‌ನ 'ಈ ಭೂಮಿ' ಕನ್ನಡದ್ದು. ಅವರಿಗೆ ಕನ್ನಡ ಬರುವುದಿಲ್ಲ ಎಂದಲ್ಲ, ಕೇಳುವ ನಾವು ಆಗ ಕಡಿಮೆ ಇದ್ದೆವು ಅಂತ ಕಾಣುತ್ತದೆ.

ಮಾವನಿಗೆ ಈ ಹಾಡನ್ನೂ ಹಾಕಿದೆ. ಅದಕ್ಕೆ ಮುಂಚೆ ಸ್ವರಾತ್ಮದ ಇನ್ನೊಂದು ವಿಡಿಯೊದಲ್ಲಿ ಕುದುರೆ ನೋಡಿ ನಕ್ಕಿದ್ದ. ಹಿಂದಿ ಬಾರದು, ತಲೆ ಬಗ್ಗಿಸಿ ಕೇಳಿದ. ಬೆರಳು ತೊಡೆಯ ಮೇಲೆ ತಾಳ ಹಿಡಿದಿತ್ತು.

"ಯಾರ್ ಪಾರ್ಟು ಇದು?"

"ಕಾವೇರೀದು, ಮಾವ."

"ಗಂಡ್ಸೇ ಆಡ್ತಾವ್ನಾ?"

"ಹೂಂ."

ಹೈಸ್ಕೂಲಿನ ಆ ಸಂಜೆಯ ಮಾತನ್ನು ಎತ್ತಬೇಕೆಂದು ಗಂಟಲವರೆಗೆ ಬಂತು. ಅಷ್ಟರಲ್ಲಿ ಹಾಡು ಮುಗಿಯಿತು. ಮಾವ ಫೋನನ್ನು ನನ್ನ ಕೈಗೆ ಕೊಟ್ಟ.

"ಶ್ರುತಿ ಪರವಾಗಿಲ್ಲ. ಕಂಠಾನೂ ಐತೆ. ಆದ್ರೆ ಕುದ್ರೆ ಯಾಕ್ಲಾ ಇವ್ರಿಗೆ? ನದಿ ಪಾರ್ಟು ಅಂದ್ಮೇಲೆ ಸೀರೆ ಉಡ್ಬೇಕಿತ್ತು. ಇನ್ನೊಂದ್ಸಲ ಹಾಕು, ನೋಡನ."